ನಾಗಮಣಿ ಓಟು ಹಾಕಿದ ದಿನ

"ನಾಗಮಣಿ!" ತಮಿಳು ಸೀಮೆಗೆ ಸೇರಿದ ನಮ್ಮ ಪಣಕಹಳ್ಳಿಯ ಮತಗಟ್ಟೆಯಲ್ಲಿ ಅಧಿಕಾರಿ ಪಟ್ಟಿ ನೋಡಿ ಗಟ್ಟಿಯಾಗಿ ಕೂಗಿದರು. ನನ್ನ ಪಕ್ಕದಲ್ಲಿದ್ದ ನಾದಿನಿ ಬೆಚ್ಚಿ ತಲೆಯೆತ್ತಿದಳು. ಮನಸ್ಸಿನ ಕಾಯಿಲೆ ಬಂದ ಮೇಲೆ ಊರು ಅವಳನ್ನು ಹುಚ್ಚಿ ಎನ್ನುತ್ತದೆ. ಸುಳ್ಳೇಕೆ, ಮನೆಯಲ್ಲಿ ನಾವೂ "ಏಯ್, ಉಣ್ಣು ಬಾ" ಅಂತಲೇ ಕರೆಯುತ್ತಿದ್ದೆವು.

ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಕ್ಕಳು: "ಇವ್ಳಿಗ್ಯಾಕವ್ವ ಓಟು? ಸುಮ್ಕೆ ಮನ್ಗೆ ಕರ್ಕೊಂಡೋಗು." ನನಗೂ ಅಳುಕಾಯಿತು. ಪಟ್ಟಿಯಲ್ಲಿ ಹೆಸರಿದೆ, ಹಾಕಲಿ ಎಂದು ಅಧಿಕಾರಿ ತಮಿಳಿನಲ್ಲಿ ಗದರಿದರು.

ತಿಂಗಳುಗಟ್ಟಲೆ ಬಾಯಿ ಬಿಡದವಳು ಅವರ ಮೇಜಿನ ಮುಂದೆ ನಿಂತು ಕೇಳಿದಳು: "ಅಣ್ಣ, ನನ್ನೆಸ್ರ ಇನ್ನೊಂದ್ಸತಿ ಕೂಗಿ."

ಅವರು ನಗಲಿಲ್ಲ, ಮತ್ತೆ ಕೂಗಿದರು. "ನಾನೇ" ಎಂದು ಸೆರಗು ಸರಿಮಾಡಿಕೊಂಡು, ಒಬ್ಬಳೇ ಹೋಗಿ ಓಟು ಹಾಕಿ ಬಂದಳು.

ನಮ್ಮ ಬೆಟ್ಟದ ದೇವರು ಮಾದಪ್ಪ ಅಷ್ಟು ಕರುಣಿಸಿದ. ಈಗ ಮಾತ್ರೆ ಕೊಡುವಾಗ, ಊಟಕ್ಕೆ ಕರೆಯುವಾಗ ಹೆಸರು ಹಿಡಿದೇ ಕರೆಯುತ್ತೇನೆ. ಅವಳು ನೋಡುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಮೊದಲಿನ ಹಾಗೆ ಒಂದೇ ಒಂದು ಸಲ "ಅತ್ಗೆ" ಅಂದಾಳೇನೋ ಎಂದು, ಒಲೆ ಮುಂದೆ ಕೂತಾಗಲೂ ನನ್ನ ಕಿವಿ ಅವಳ ಕಡೆಗೇ ಇರುತ್ತದೆ.