ಚಲುವಮ್ಮನ ಎರಡು ಕರಟ

ತಾರಸಿಗೆ ಮೋಲ್ಡ್ ಹಾಕುವ ದಿನ ಚಲುವಮ್ಮ ಕೆಲಸಕ್ಕೆ ಬಂದಳೆಂದರೆ, ಊಟದ ಡಬ್ಬಿಯ ಜೊತೆ ಅವಳ ಚೀಲದಲ್ಲಿ ಎರಡು ತೆಂಗಿನ ಕರಟವೂ ಇರುತ್ತಿತ್ತು. ಕಾಂಕ್ರೀಟು ಸುರಿದು ಮುಗಿಯುವ ಹೊತ್ತಿಗೆ ಎರಡಕ್ಕೂ ಹಸಿ ಸಿಮೆಂಟು ಗಾರೆ ತುಂಬುತ್ತಿದ್ದಳು. ಒಂದನ್ನು ಬಿಸಿಲಲ್ಲಿ ಇಟ್ಟು, ಇನ್ನೊಂದನ್ನು ನೀರಿನ ಡ್ರಮ್ಮಿನ ತಳಕ್ಕೆ ಮೆಲ್ಲಗೆ ಇಳಿಸುತ್ತಿದ್ದಳು. ಹೊಸ ಕೂಲಿಯವರು ಇದೇನೋ ಹರಕೆ ಎಂದುಕೊಳ್ಳುತ್ತಿದ್ದರು. ಒಬ್ಬಳಂತೂ ಕರಟಕ್ಕೆ ಕುಂಕುಮ ಇಟ್ಟು ಕೈಮುಗಿದು, ಚಲುವಮ್ಮನಿಂದ ಚೆನ್ನಾಗಿ ಬೈಸಿಕೊಂಡಿದ್ದಳು.

ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಮೈಸೂರಿಗೆ ಬಂದವಳು ಅವಳು. ಇಪ್ಪತ್ತೈದು ವರ್ಷ ತಲೆಯ ಮೇಲೆ ಗಾರೆಯ ಬಾಣಲೆ ಹೊತ್ತು ಮಂಡಿ ಸವೆದ ಮೇಲೆ, ಮೇಸ್ತ್ರಿ ದೇವರಾಜು ಅವಳನ್ನು ನೀರು ಹಾಕುವ ಕೆಲಸಕ್ಕೆ ಹಚ್ಚಿದ. ಹೊಸ ಮೋಲ್ಡಿನ ಮೇಲೆ ಪುಟ್ಟಪುಟ್ಟ ಬದು ಕಟ್ಟಿ, ಗದ್ದೆಯ ಮಡಿಯಲ್ಲಿ ನಿಲ್ಲಿಸಿದ ಹಾಗೆ ನೀರು ನಿಲ್ಲಿಸಬೇಕು. ಎರಡು ವಾರ ಒಂದು ಮೂಲೆಯೂ ಒಣಗಬಾರದು. ನಾಟಿ ಮಾಡಿ ಬೆಳೆದವಳಿಗೆ ಬದು ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜನ ಇದನ್ನು ಕೆಲಸವೆಂದೇ ಎಣಿಸುವುದಿಲ್ಲ ಬಿಡಿ. ಪೈಪು ಹಿಡಿದು ನಿಲ್ಲುವುದಕ್ಕೂ ಒಂದು ಆಳು ಬೇಕೆ ಎಂದು ಮೂಗು ಮುರಿಯುತ್ತಾರೆ. ಆಮೇಲೆ ಮಳೆಗಾಲದಲ್ಲಿ ಅವರೇ ಸೂರಿನ ಕೆಳಗೆ ಬಕೆಟ್ಟು ಇಡುತ್ತಾರೆ.

ಕಳೆದ ಬೇಸಿಗೆಯಲ್ಲಿ ರಾಮಕೃಷ್ಣನಗರದ ಸುಂದರೇಶ ಮೇಷ್ಟ್ರು ಮನೆಯ ಮೇಲೆ ಮಹಡಿ ಕಟ್ಟಿಸಿದರು. ಗೇಟು ತೆಗೆದವರ ಮುಖ ನೋಡಿದ ಕೂಡಲೇ ಚಲುವಮ್ಮನಿಗೆ ಗುರುತು ಸಿಕ್ಕಿತು. ಮಗಳು ಶಾಲಿನಿಗೆ ಏಳನೇ ಕ್ಲಾಸಿನಲ್ಲಿ ವಿಜ್ಞಾನ ಹೇಳಿಕೊಟ್ಟವರು.

ಒಳ್ಳೆಯ ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಮ್ಮೆ ಟೆಸ್ಟಿನಲ್ಲಿ, ಭೌತ ಬದಲಾವಣೆ ಯಾವುದು, ರಾಸಾಯನಿಕ ಬದಲಾವಣೆ ಯಾವುದು ವಿಂಗಡಿಸಿ ಎಂದು ಕೇಳಿದ್ದರು. ಸಿಮೆಂಟು ಗಟ್ಟಿಯಾಗುವುದನ್ನು ಶಾಲಿನಿ ರಾಸಾಯನಿಕದ ಸಾಲಿಗೆ ಹಾಕಿದ್ದಳು. ಅದರ ಮೇಲೆ ಕೆಂಪು ಇಂಕಿನ ಗೀಟು ಬಿತ್ತು. "ನಮ್ಮಮ್ಮ ಹೇಳಿದ್ದು ಸಾರ್" ಎಂದಾಗ ಮೇಷ್ಟ್ರು ನಕ್ಕರಂತೆ, ಅವರ ಹಿಂದೆ ಇಡೀ ಕ್ಲಾಸು ನಕ್ಕಿತಂತೆ. ಆ ಸಂಜೆ ಶಾಲಿನಿ ಅಳುತ್ತಾ, "ಇನ್ಮೇಲೆ ನಂಗೇನೂ ಹೇಳ್ಕೊಡ್ಬೇಡ" ಎಂದಳು. ಚಲುವಮ್ಮ ಹೇಳಿಕೊಡಲೂ ಇಲ್ಲ. ಮಗಳು ಪುಸ್ತಕ ತೆರೆದರೆ ತಾನು ಒಲೆಯ ಕಡೆ ತಿರುಗುತ್ತಿದ್ದಳು. ಶಾಲಿನಿ ಓದಿ ನರ್ಸಾಗಿ ವರ್ಷಗಳೇ ಕಳೆದರೂ ಆ ಸಂಕಟ ಹೋಗಿರಲಿಲ್ಲ.

ಸೋಮವಾರ ಮೋಲ್ಡ್ ಹಾಕಿದರು. ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಕೆಳಗೆ ಮೋಟಾರ್ ನಿಲ್ಲಿಸಿ, ಏದುಸಿರು ಬಿಡುತ್ತಾ ಏಣಿ ಹತ್ತಿ ಬಂದರು.

"ಸಾಕು ನಿಲ್ಸಮ್ಮ. ನಾಲ್ಕು ದಿನದಿಂದ ಸಂಪಿನ ನೀರೆಲ್ಲ ಇಲ್ಲಿಗೇ ಸುರೀತಿದ್ದೀಯ. ಹೀಗೆ ಒದ್ದೆ ಮಾಡ್ತಾನೇ ಇದ್ರೆ ಇದು ಒಣಗಿ ಗಟ್ಟಿಯಾಗೋದು ಯಾವಾಗ?"

ಅವರ ಹಿಂದೆಯೇ ಹತ್ತಿ ಬಂದ ಮೇಸ್ತ್ರಿ ದೇವರಾಜುವಿಗೆ ರೋಗಿ ಬಯಸಿದ್ದೇ ಸಿಕ್ಕಂತಾಯಿತು. ಸಿದ್ಧಾರ್ಥನಗರದ ಇನ್ನೊಂದು ಕೆಲಸಕ್ಕೆ ಅವನಿಗೆ ಆಳು ಸಾಲದೆ ಬಂದಿತ್ತು.

"ಓನರ್ರೇ ಬ್ಯಾಡ ಅಂದ್ಮೇಲೆ ಬುಟ್ಬುಡು ಚಲುವಕ್ಕ. ಎದ್ರು ಮಾತಾಡಿದ್ರೆ ನಾಳಿಂದ ಮತ್ತೆ ಬಾಣಲೆ ಹೊರಾಕೆ ಹೋಗು, ಅಷ್ಟೆಯ."

ಬಾಣಲೆ ಎಂದಾಗ ಅವಳ ಮಂಡಿ ಚುಳ್ ಎಂದಿತು. ಆದರೂ ಪೈಪು ಕೆಳಗಿಡಲಿಲ್ಲ.

"ಈಗ ಬುಟ್ರೆ ನಿಮ್ಮನೆ ಸೂರು ಬಿರ್ಕು ಬುಡ್ತದೆ ಸಾ. ಸಿಮೆಂಟು ಒಣಗಿ ಗಟ್ಟಿಯಾಗಾಕಿಲ್ಲ. ನೀರು ಕುಡ್ದು ಗಟ್ಟಿಯಾಯ್ತದೆ."

ಮೇಷ್ಟ್ರು ನಕ್ಕರು. "ಮೂವತ್ತು ವರ್ಷ ಪಾಠ ಮಾಡಿದ್ದೀನಿ ಕಣಮ್ಮ. ಒದ್ದೆ ಬಟ್ಟೆ ಒಣಗುತ್ತೆ, ಕೆಸರು ಒಣಗುತ್ತೆ, ಸಿಮೆಂಟೂ ಒಣಗುತ್ತೆ. ನೀರು ಆರಿ ಹೋಗುತ್ತೆ, ವಸ್ತು ಅದೇ ಇರುತ್ತೆ. ಭೌತ ಬದಲಾವಣೆ ಅಂತಾರೆ ಇದನ್ನ."

ಮಗಳನ್ನು ಅಳಿಸಿದ ನಗು ಇದೇ ಇರಬೇಕು ಎನಿಸಿ ಚಲುವಮ್ಮನಿಗೆ ಕೋಪ ಉಕ್ಕಿತು. ಆದರೆ ಈ ಸಲ ಒಲೆಯ ಕಡೆ ತಿರುಗುವ ಮಾತೇ ಇರಲಿಲ್ಲ.

"ಬಟ್ಟೆ, ಕೆಸರು ಒಪ್ಕತೀನಿ ಸಾ" ಎಂದವಳೇ, ಬದು ಕಟ್ಟಿ ಉಳಿದು ಇಟ್ಟಿಗೆ ರಾಶಿಯ ಮೇಲೆ ಒಣಗಿದ್ದ ಒಂದು ಮಣ್ಣಿನ ಹೆಂಟೆಯನ್ನು ಬಕೆಟ್ಟಿಗೆ ಹಾಕಿದಳು. ಕಲ್ಲಿನಂತಿದ್ದ ಹೆಂಟೆ ನೋಡನೋಡುತ್ತಲೇ ಗುಳುಗುಳು ಎನ್ನುತ್ತಾ ಕರಗಿತು. "ಒಣಗಿದ್ದು ಅಂದ್ರೆ ಇದು. ನೀರು ಕೊಟ್ರೆ ಮತ್ತೆ ಕೆಸರೇಯ."

ಆಮೇಲೆ ಡ್ರಮ್ಮಿಗೆ ಹೆಗಲವರೆಗೂ ಕೈ ಬಿಟ್ಟು ಕರಟ ಎತ್ತಿದಳು.

"ಸೋಮವಾರ ಹಸಿ ಗಾರೆ ತುಂಬಿ ಮುಳುಗ್ಸಿದ್ದು. ಅಲ್ಲಿಂದ ಈಚೆಗೆ ಒಂದು ಗಳಿಗೇನೂ ಗಾಳಿ ಕಂಡಿಲ್ಲ. ಇದು ಎಲ್ಲಿ ಒಣಗ್ತು ಹೇಳಿ ಸಾ?"

ಗೋಡೆಗೆ ಒಂದೇಟು ಹಾಕಿದಾಗ ಚಿಪ್ಪು ಒಡೆದು ಬಿತ್ತು. ಒಳಗಿನ ಉಂಡೆ ಹಾಗೇ ಅವಳ ಅಂಗೈಯಲ್ಲಿ ಉಳಿಯಿತು. ಒಂದು ಮೊಳೆಯ ಜೊತೆ ಅದನ್ನು ಮೇಷ್ಟ್ರ ಕೈಗೆ ಕೊಟ್ಟಳು. ಗೀರಿದರು, ಮೊಳೆ ಜಾರಿತು. ಬಿಸಿಲಲ್ಲಿ ಒಣಗಿದ್ದ ಇನ್ನೊಂದು ಕರಟದ ಉಂಡೆಯನ್ನು ಗೀರಿದರೆ ಪುಡಿ ಎದ್ದು ಅವರ ಪಂಚೆಯ ಮೇಲೆಲ್ಲ ಉದುರಿತು.

ದೇವರಾಜು ಏನೋ ಹೇಳಲು ಬಾಯಿ ತೆರೆದ. ಮೇಷ್ಟ್ರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು.

"ಕಲಸುವಾಗ ಬಿಸಿಯಾಗುತ್ತಾ?"

"ಹೂಂ ಸಾ. ಜಾಸ್ತಿ ಕಲ್ಸಿದ ದಿನ ಕೈಗೇ ತಿಳೀತದೆ. ಒಂದ್ಸಲ ಗಟ್ಟಿಯಾದ್ರೆ ಕುಟ್ಟಿ ಪುಡಿ ಮಾಡಿದ್ರೂ ಮತ್ತೆ ಮೊದಲ್ನಂಗೆ ಹಿಡ್ಯಾಕಿಲ್ಲ."

ಮೇಷ್ಟ್ರು ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು. ಮನುಷ್ಯ ಹಟವಾದಿಯೇ, ಆದರೆ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವ ಜಾತಿಯಲ್ಲ. "ನೀರು ಆರಿ ಹೋಗಿಲ್ಲ. ಸಿಮೆಂಟಿನ ಜೊತೆ ಸೇರಿ ಬೇರೆ ವಸ್ತುವೇ ಆಗಿದೆ. ರಾಸಾಯನಿಕ ಬದಲಾವಣೆ ಇದು. ಪುಸ್ತಕದಲ್ಲಿ ಇಲ್ಲದ ಉದಾಹರಣೆ ನಾನೇ ಸೇರಿಸಿಕೊಂಡು, ಒಂದು ದಿನವೂ ಪರೀಕ್ಷೆ ಮಾಡಿ ನೋಡಲಿಲ್ಲ. ಸರಿಯಾಗಿ ಬರೆದ ಎಷ್ಟು ಮಕ್ಕಳಿಗೆ ಗೀಟು ಹಾಕಿದೆನೋ."

"ಅದ್ರಲ್ಲಿ ಒಬ್ಳು ನಮ್ಮ ಶಾಲಿನಿ ಸಾ."

ಮೇಷ್ಟ್ರು ತಲೆ ಎತ್ತಿ ಅವಳ ಮುಖ ನೋಡಿದರು. "'ನಮ್ಮಮ್ಮ ಹೇಳಿದ್ದು ಸಾರ್' ಅಂದ ಹುಡುಗಿ. ಆ ಅಮ್ಮ ನೀವೇನಾ?"

"ಹೂಂ ಸಾ."

"ಅವಳಿಗೆ ಫೋನ್ ಮಾಡಿ ಕೊಡಿ. ಇದನ್ನ ನಾನೇ ಹೇಳ್ಬೇಕು."

ಚಲುವಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನು ಮಾಡಿ ಕೊಟ್ಟಳು. "ಎಷ್ಟು ಬೇಕಾದ್ರೂ ಮಾತಾಡ್ಕಳಿ ಸಾ. ಅಂಗೇ ಕೆಳಗೋಗಿ ಮೋಟಾರ್ ಹಾಕ್ಬುಡಿ. ಆ ಮೂಲೆ ಒಣಗ್ತಾ ಅದೆ."

ಮೇಷ್ಟ್ರು ಫೋನನ್ನು ಕಿವಿಗೆ ಇಟ್ಟುಕೊಂಡೇ ಇಳಿದು ಹೋದರು. ಸಿದ್ಧಾರ್ಥನಗರಕ್ಕೆ ಬೇರೆ ಆಳು ಹುಡುಕಲು ದೇವರಾಜುವೂ ಅವರ ಹಿಂದೆಯೇ ಜಾರಿಕೊಂಡ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ, ಕ್ಲಾಸಿನ ಕೊನೇ ಬೆಂಚಿಗೂ ಕೇಳಿಸುವಂಥ ಗಟ್ಟಿ ದನಿಯಲ್ಲಿ ಮೇಷ್ಟ್ರ ಮಾತು ಕೇಳಿಸಿತು.

"ನಿನ್ನ ಉತ್ತರ ಸರಿಯಾಗಿತ್ತಮ್ಮ ಶಾಲಿನಿ. ನಾನೇ ತಪ್ಪಾಗಿ ನಕ್ಕೆ. ನಿಮ್ಮಮ್ಮ ಹೇಳಿದ್ದೇ ಸರಿ."

ಪೈಪಿನಲ್ಲಿ ನೀರು ನುಗ್ಗಿ ಬಂತು. ಚಲುವಮ್ಮನಿಗೆ ಕಣ್ಣು ಮಂಜಾಗಿ ಬದು ಕಾಣಿಸಲಿಲ್ಲ. ಮುಂಗೈಯಿಂದ ಕಣ್ಣು ಒರೆಸಿಕೊಂಡು, ಒಣಗುತ್ತಿದ್ದ ಮೂಲೆಗೆ ನೀರು ತಿರುಗಿಸಿದಳು.