ಕಟ್ಟೆಯಷ್ಟು ಎತ್ತರ

ನಮ್ಮ ಅತ್ತೆ ಗಂಗುಬಾಯಿ ನೆಲದ ಮೇಲೆ ಕೂಡುವುದನ್ನು ಬಿಟ್ಟದ್ದು ಸೊಂಟದ ಎಲುಬು ಮುರಿದ ಮೇಲೆ. ಭೀಮಾ ದಂಡೆಯ ರಾಡಿಯಲ್ಲಿ ಜಾರಿ ಬಿದ್ದರು, ಕಲಬುರಗಿಯಲ್ಲಿ ರಾಡ್ ಹಾಕಿಸಿಕೊಂಡು ಬಂದರು. ಅಂದಿನಿಂದ ಕೂತರೆ ಅಂಗಳದ ಕಟ್ಟೆಯ ಮೇಲೆ ಮಾತ್ರ. ಮೊಣಕಾಲಿಗಿಂತ ತುಸು ಮೇಲಿರುವ ಕಟ್ಟೆ. ಅದಕ್ಕಿಂತ ತಗ್ಗಿನಲ್ಲಿ ಕೂತರೆ ಏಳಲಾರರು, ಅದಕ್ಕಿಂತ ಎತ್ತರಕ್ಕೆ ಹತ್ತಲಾರರು.

ನಮ್ಮದು ಅಫಜಲಪುರ ತಾಲ್ಲೂಕಿನ ಕುರಿ ಸಾಕುವ ಮನೆ. ತೊಗರಿ ಕೊಯ್ಲು ಮುಗಿಯುತ್ತಲೇ ಮಾವ ಬೀರಣ್ಣ ಹಿಂಡು ಹೊಡೆದುಕೊಂಡು ಜೇವರ್ಗಿ ಕಡೆಗೆ ಹೊರಡುತ್ತಾರೆ. ಹೊಲದವರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ ಮಲಗಿಸಿಕೊಂಡು ಜೋಳ ಕೊಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಹೊಲ ಬದಲು. ಹಗಲು ತಾಯಿಕುರಿಗಳು ಮೇಯಲು ಹೋದಾಗ ಎಳೆಮರಿಗಳು ಬಿಡಾರದಲ್ಲಿ ಬುಟ್ಟಿಯಡಿ ಇರುತ್ತವೆ. ಸಂಜೆ ಹಿಂಡು ಬಂದೊಡನೆ ಒಂದೊಂದು ಮರಿಯನ್ನೂ ಅದರದರ ತಾಯಿಗೆ ಹಚ್ಚಬೇಕು. ಅದು ಅತ್ತೆಯ ಕೆಲಸ. ನನಗೆ ಎಲ್ಲ ಮರಿಗಳೂ ಒಂದೇ ಥರ ಕರ್ರಗೆ ಕಾಣುತ್ತವೆ. ಅತ್ತೆ ಮಾತ್ರ ಬುಟ್ಟಿಯೊಳಗೆ ಕೈ ಹಾಕಿ, ಕಿವಿ ಮುಟ್ಟಿ ನೋಡಿ, ಇದು ಕುಂಟಿಯದು, ಇದು ಜಗಳಗಂಟಿಯದು ಎಂದು ಬಿಡುವರು. ಒಲ್ಲೆನೆನ್ನುವ ತಾಯಿಯ ಹಾಲನ್ನೇ ಮರಿಯ ಬೆನ್ನಿಗೆ ಸವರಿ ಒಪ್ಪಿಸುವರು. ಮದುವೆಯಾದಾಗಿನಿಂದ ಅವರ ಸಂಜೆಗಳೆಲ್ಲ ಹೀಗೇ ಕಳೆದಿವೆ.

ಬಿದ್ದ ವರ್ಷ ಅವರು ಹಿಂಡಿನ ಜೊತೆ ಹೋಗಲಾಗಲಿಲ್ಲ. ಮಾವ ಒಬ್ಬರೇ ಹೋಗಿ, ಮರಿಗಳನ್ನು ಅದಲುಬದಲು ಮಾಡಿದ್ದರಿಂದ ಎಷ್ಟೋ ಮರಿ ಹಾಲಿಲ್ಲದೆ ಸತ್ತವು.

“ಈ ವರ್ಷ ನಾ ಬಂದs ಬರ್ತೇನಿ,” ಎಂದರು ಅತ್ತೆ.

“ಹೆಂಗ್ ಬರ್ತಿ ಬೇ?” ಎಂದರು ಮಾವ. “ನಡಿಯಾಕ ಬರಂಗಿಲ್ಲ, ಕುದರಿ ಮ್ಯಾಲ ಕೂಡಾಕ ಬರಂಗಿಲ್ಲ. ನಿನ್ನ ಜೋಳಿಗ್ಯಾಗ ಹಾಕ್ಕೊಂಡು ಹೋಗ್ಲೇನು?”

“ಹಂಗಾರ ಶೈಲಾನ್ನ ಕರ್ಕೊಂಡು ಹೋಗ್ರಿ. ಓದಿದಾಕಿ ಅದಾಳ, ಮರಿಗೆ ಹೆಸರು ಬರದು ಅಂಟಸ್ತಾಳ.”

ಮಾವ ನನ್ನ ಕಡೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ; ಹೊಲದಲ್ಲಿ ಚೇಳಿದೆ, ಹಾವಿದೆ, ಜ್ವರ ಬಂದರೆ ಆಸ್ಪತ್ರೆ ಎಲ್ಲಿದೆ ಎಂದು ನಾನು ಆಗಲೇ ಎಣಿಸತೊಡಗಿದ್ದೆ.

ನನ್ನ ಗಂಡ ಪರಮೇಶ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಯಾವುದೋ ದೇಶದ ಗಂಡಹೆಂಡತಿ ಕಾರಿನ ಹಿಂದೆ ಪುಟ್ಟ ಮನೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದಾರೆ. ಅದರೊಳಗೇ ಹಾಸಿಗೆ, ಒಲೆ, ಕಿಟಕಿಗೆ ಪರದೆ. ಅತ್ತೆ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ಕೊನೆತನಕ ನೋಡಿದರು.

“ಇವ್ರ ಕುರಿ ಎಲ್ಲ್ಯಾವ?”

“ಅವ್ರಿಗಿ ಕುರಿ ಇಲ್ಲವ್ವ.”

“ಕುರಿ ಇಲ್ಲಂದ್ರ ಮನಿ ಬಿಟ್ಟು ಯಾಕ್ ತಿರಗ್ತಾರ, ಹುಚ್ಚರು!”

ಆದರೆ ಮನಸ್ಸಿನಲ್ಲಿ ಅದು ಕೂತುಬಿಟ್ಟಿತ್ತು. ಮರುದಿನದಿಂದ ಮನೆಯಲ್ಲಿ ಒಂದೇ ಮಾತು: ಗಾಲಿಯ ಮನೆಯನ್ನು ಕೊಳ್ಳುವುದೋ, ಕಟ್ಟಿಸುವುದೋ.

ಆಳಂದದಲ್ಲಿ ಒಂದು ಮಾರಾಟಕ್ಕಿದೆ ಎಂದು ತಿಳಿಯಿತು. ರಸ್ತೆ ಕೆಲಸದ ಕಾವಲುಗಾರ ಮಲಗುತ್ತಿದ್ದ, ಗಾಲಿಗಳ ಮೇಲಿನ ತಗಡಿನ ಖೋಲಿ. ಮಲ್ಲಣ್ಣ ಎಂಬ ಹಳೆ ಸಾಮಾನಿನ ವ್ಯಾಪಾರಿ ಕೊಂಡು ತನ್ನ ಅಂಗಳದಲ್ಲಿ ನಿಲ್ಲಿಸಿದ್ದರು. ನಾವೆಲ್ಲ ಜೀಪು ಮಾಡಿಕೊಂಡು ಹೋದೆವು. ಗಾಲಿಗಳು ದೊಡ್ಡವು. ಮಾವ ಅವುಗಳನ್ನು ತಟ್ಟಿ ನೋಡಿ ಖುಷಿಯಾದರು.

“ಎಂಥಾ ಎರಿ ಮಣ್ಣಾಗೂ ಹುಗಿಯಂಗಿಲ್ರಿ ಇದು,” ಎಂದರು ಮಲ್ಲಣ್ಣ.

ಅತ್ತೆ ಬಾಗಿಲ ಹತ್ತಿರ ಹೋಗಿ ನಿಂತರು. ಖೋಲಿಯ ನೆಲ ಅವರ ಎದೆಯ ಮಟ್ಟಕ್ಕಿತ್ತು. ಏಣಿಯ ಎರಡನೇ ಮೆಟ್ಟಿಲಲ್ಲೇ ಅವರ ಮುಖ ಬಿಳಿಚಿತು. ನಾನೂ ಪರಮೇಶರೂ ಹಿಡಿದು ಇಳಿಸಿದೆವು.

“ಹಗಲೆಲ್ಲ ಒಬ್ಬಾಕಿ ಇರ್ತೇನಿ. ಹೊರಕಡಿ ಹೋಗಬೇಕಂದ್ರ ಯಾರ್ ಇಳಸ್ತಾರ? ಮರಿ ಕೆಳಗ, ನಾ ಅಟ್ಟದ ಮ್ಯಾಲ. ಬ್ಯಾಡ್ರಿ ಯಣ್ಣಾ.”

ಹಾಗಾಗಿ ಕಟ್ಟಿಸುವುದೆಂದಾಯಿತು. ಜೇವರ್ಗಿಯ ಹೆದ್ದಾರಿ ಬದಿಗೆ ಖಲೀಲರ ವೆಲ್ಡಿಂಗ್ ಅಂಗಡಿ. ಅತ್ತೆ ಮನೆಯಿಂದಲೇ ಒಂದು ದಾರ ತಂದಿದ್ದರು. ಕಟ್ಟೆಯ ಎತ್ತರಕ್ಕೆ ಅಳೆದು ಗಂಟು ಹಾಕಿದ ದಾರ.

“ಖೋಲಿ ನೆಲ ಇದಕ್ಕಿಂತ ಒಂದು ಬೆರಳು ಮ್ಯಾಲ ಆಗಬಾರದು ತಮ್ಮಾ.”

ಖಲೀಲರು ದಾರ ನೆಲಕ್ಕಿಟ್ಟು ನೋಡಿದರು. “ಅಮ್ಮಾ, ಇಷ್ಟು ತಗ್ಗಿಗಿ ಇಳಿಸಿದ್ರ ಖೋಲಿ ಹೊಟ್ಟಿ ನೆಲಕ್ಕ ಬರ್ತದ. ಮಳಿ ಆದ್ರ?”

“ತೊಗರಿ ಕೊಯ್ದ ಮ್ಯಾಲ ಎಲ್ಲಿ ಮಳಿ?”

ಖಲೀಲರು ಮಾವನ ಕಡೆ ನೋಡಿದರು. ನೆನೆದರೆ ಗಾಲಿ ನುಂಗುವ ಎರೆಮಣ್ಣು ಏನೆಂಬುದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರು ಅತ್ತೆಯ ಕೈಯಲ್ಲಿದ್ದ ದಾರವನ್ನೇ ನೋಡುತ್ತ, “ಹೌದ್ರಿ, ಎಲ್ಲಿ ಮಳಿ,” ಎಂದುಬಿಟ್ಟರು. ನಾನು ಮಗಳ ಕಣ್ಣಿಗೆ ಕಿಡಿ ತಾಕೀತೆಂದು ಸೆರಗು ಅಡ್ಡ ಹಿಡಿದು ನಿಂತಿದ್ದೆ.

ಹವಳಗಾ ಕಾರ್ಖಾನೆಗೆ ಕಬ್ಬು ಸಾಗಿಸಿ ಸವೆದಿದ್ದ ಒಂದು ಟ್ರಾಲಿಯ ಕಬ್ಬಿಣದಿಂದಲೇ ಖೋಲಿ ತಯಾರಾಯಿತು. ಮೂರು ಕಡೆ ತಗಡು, ಬಾಗಿಲ ಕಡೆ ತಾಡಪತ್ರಿಯ ಪರದೆ. ಅತ್ತೆ ಅದರ ಅಂಚಿಗೆ ಕೂತು ಎರಡೂ ಪಾದ ನೆಲಕ್ಕೂರಿ ಎದ್ದರು, ಮತ್ತೆ ಕೂತರು, ಮತ್ತೆ ಎದ್ದರು. “ನಮ್ಮ ಕಟ್ಟಿಗಿ ಗಾಲಿ ಬಂದಾವ ನೋಡು,” ಎಂದರು.

ಹೊಲದ ಯಜಮಾನರ ಟ್ರಾಕ್ಟರು ಅದನ್ನು ಹೊಲದಿಂದ ಹೊಲಕ್ಕೆ ಎಳೆದು ಕೊಡುವುದೆಂದು ಮಾತಾಗಿತ್ತು. ತೊಗರಿ ಕೊಯ್ಲು ಮುಗಿದೊಡನೆ ಅತ್ತೆ ಮಾವ ಹಿಂಡಿನ ಜೊತೆ ಹೊರಟರು, ನಾವು ಮನೆಯಲ್ಲೇ ಉಳಿದೆವು. ಮೊದಲ ವಾರ ಅತ್ತೆ ಫೋನು ಮಾಡಿದಾಗಲೆಲ್ಲ ಹಿಂದೆ ಮರಿಗಳ ಕೂಗು. “ಜಗಳಗಂಟಿ ಅವಳಿ ಹಾಕ್ಯಾಳ. ಒಂದಕ್ಕ ಹಾಲು ಕೊಡ್ತಾಳ, ಇನ್ನೊಂದಕ್ಕ ಒದಿತಾಳ, ಸೂಳಿ,” ಎಂದು ಬೈಯುತ್ತ ನಗುತ್ತಿದ್ದರು. ಬಿದ್ದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಮಳೆ ಬಂತು. ಕಾಲವಲ್ಲದ ಕಾಲದ ಮಳೆ, ಇಡೀ ದಿನ ಬಿಡಲಿಲ್ಲ. ಹಸಿ ಎರೆಯಲ್ಲಿ ಕುರಿ ನಿಲ್ಲಬಾರದು, ಎಳೆಮರಿಯಂತೂ ನಿಲ್ಲಲೇಬಾರದು. ಮೋಡ ಕಂಡ ಕೂಡಲೇ ಹಿಂಡು ಎಬ್ಬಿಸಿ ನೀರು ನಿಲ್ಲದ ಗರಸು ದಿನ್ನೆಗೆ ಹೊಡೆಯುವುದು ಕುರಿಯವರ ರೂಢಿ. ಮಾವ ಟ್ರಾಕ್ಟರು ತರಿಸಿದರು. ಖೋಲಿಯ ಗಾಲಿಗಳು ಅಷ್ಟರಲ್ಲೇ ಹುಗಿದು, ಹೊಟ್ಟೆ ಮಣ್ಣಿಗೆ ಅಂಟಿತ್ತು. ಎಳೆದರು, ಕೊಂಡಿ ಕಿತ್ತು ಬಂತು, ಖೋಲಿ ಬರಲಿಲ್ಲ. ಮತ್ತೆ ಎಳೆಯಹೋಗಿ ಟ್ರಾಕ್ಟರೂ ಹುಗಿಯಿತು.

“ನೀವು ಹಿಂಡು ಹೊಡಕೊಂಡು ಹೋಗ್ರಿ,” ಎಂದರಂತೆ ಅತ್ತೆ.

“ನಿನ್ನ ಬಿಟ್ಟು ಎಲ್ಲಿಗಿ ಹೋಗ್ಲಿ ಬೇ? ಒಳಗೂ ನೀರು ಬರಾಕತ್ತದ.”

“ನಾ ಕುರಿ ಅಲ್ಲ, ಸಾಯಂಗಿಲ್ಲ. ಹೋಗ್ರಿ ಅಂದೆ!”

ಮಾವ ಹೋಗಲಿಲ್ಲ. ಹಿಂಡು ರಾಡಿಯಲ್ಲೇ ನಿಂತಿತು.

ಮರುದಿನ ಪರಮೇಶರೂ ನಾನೂ ಮಗಳನ್ನು ನೆರೆಮನೆಯಲ್ಲಿ ಬಿಟ್ಟು ಹೋದೆವು. ಡಾಂಬರು ರಸ್ತೆಯಿಂದ ಆಚೆಗೆ ನಡೆದೇ ಹೋಗಬೇಕು. ಒಂದೊಂದು ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿ ಭಾರವಾಗುತ್ತಿತ್ತು. ಅತ್ತೆ ಖೋಲಿಯ ಅಂಚಿನಲ್ಲೇ ಕೂತಿದ್ದರು. ಕಾಲಡಿಯ ನೆಲ ಈಗ ತೀರ ಹತ್ತಿರ ಬಂದಿತ್ತು. ಖೋಲಿ ಅಷ್ಟು ಇಳಿದಿತ್ತು. ಮಡಿಲಲ್ಲಿ ಜಗಳಗಂಟಿಯ ಎರಡನೇ ಮರಿ. ಕಂಬಳಿಯಿಂದ ಅದರ ಮೈ ಉಜ್ಜುತ್ತಿದ್ದರು.

“ಅತ್ತಿ, ಅದು ಹೋಗ್ಯಾದ್ರಿ,” ಎಂದೆ.

“ಗೊತ್ತದ ನನಗ,” ಎಂದರು. ಉಜ್ಜುವುದನ್ನು ನಿಲ್ಲಿಸಲಿಲ್ಲ.

ಮರಿಗಳಲ್ಲಿ ಉಳಿದವು ಕೆಲವೇ. ಬೇಲಿಯ ಪಕ್ಕ ತಾಯಿಕುರಿಗಳು ತುಂಬಿದ ಕೆಚ್ಚಲು ಹೊತ್ತು ಒದರುತ್ತಿದ್ದವು. ಅತ್ತೆಯನ್ನು ನಾಲ್ಕು ಜನ ಹೊರಸಿನ ಮೇಲೆ ಹೊತ್ತು ರಸ್ತೆಗೆ ತಂದರು.

ಮನೆಗೆ ಬಂದ ಮೇಲೆ ತೀರ್ಮಾನ ಹೇಳಿದ್ದು ಅತ್ತೆಯೇ. “ತಾಯಿಕುರಿ ಎಲ್ಲಾ ಮಾರಿಬಿಡ್ರಿ. ಟಗರು ಇಟ್ಕೊಳ್ರಿ, ಮನ್ಯಾಗs ಮೇಯ್ಸಿ ಮಾರೂಣು. ಟಗರಿಗಿ ನಾ ಬೇಕಾಗಂಗಿಲ್ಲ.”

ಮಾವ ಗೋಣು ಹಾಕಿ ಸಂತೆಯ ದಿನ ಎಣಿಸಿದರು. ಬೇಡವೆಂದಾರೇನೋ ಎಂದು ಅತ್ತೆ ಅವರ ಮುಖವನ್ನೇ ನೋಡುತ್ತಿದ್ದಂತೆ ನನಗೆ ಕಂಡಿತು. ಮುಂದಿನ ಸಂತೆಗೆ ಕುರಿಗಳು ಹೋದವು. ನೆಲ ಒಣಗಿದ ಮೇಲೆ ಖೋಲಿಯನ್ನು ಅಗೆದು ತೆಗೆದರು. ಈಗ ಅದು ಜೇವರ್ಗಿ ರಸ್ತೆಯಲ್ಲಿ ಯಾರದೋ ಚಹಾದ ಅಂಗಡಿ.

ಸಂಜೆ ಅತ್ತೆ ಕಟ್ಟೆಯ ಮೇಲೆ ಕೂಡುತ್ತಾರೆ. ಟಗರುಗಳು ಗೂಟಕ್ಕೆ ಕಟ್ಟಿದಲ್ಲೇ ಸೊಪ್ಪು ಮೇಯುತ್ತವೆ, ಯಾರನ್ನೂ ಕರೆಯುವುದಿಲ್ಲ. ನಾನು ಮಗಳಿಗೆ ಉಣಿಸುತ್ತ ಪಕ್ಕದಲ್ಲೇ ಇರುತ್ತೇನೆ. ಎಷ್ಟೋ ಸಲ ಕೇಳಿದ ಮಾತನ್ನೇ ಮತ್ತೆ ಕೇಳುತ್ತಾರೆ.

“ಶೈಲಾ, ಆಳಂದದ್ದು ತಗೊಂಡಿದ್ರ ಆಗ್ತಿತ್ತೇನು?”

“ಅದರಾಗ ನೀವು ಹತ್ತಾಕs ಆಗ್ತಿರಲಿಲ್ರಿ ಅತ್ತಿ.”

“ಹೌದು. ಹತ್ತಾಕ ಆಗ್ತಿರಲಿಲ್ಲ.”

ಕೈಯಲ್ಲಿ ಆ ದಾರವಿರುತ್ತದೆ. ಗಂಟನ್ನು ಬಿಚ್ಚಿ, ಒಂದು ಬೆರಳು ಮೇಲಕ್ಕೆ ಹಾಕಿ, ಕಟ್ಟೆಗೆ ಹಿಡಿದು ನೋಡುತ್ತಾರೆ. ತಲೆ ಅಲ್ಲಾಡಿಸಿ ಮತ್ತೆ ಬಿಚ್ಚುತ್ತಾರೆ.