ಮಣ್ಣಾಗುವ ತನಕ ಒಗ್ಗರಣೆ ಇಲ್ಲ

ನಾವಿರುವ ಊರಿನಲ್ಲಿ ಚಳಿಗಾಲದಲ್ಲಿ ಸತ್ತವರನ್ನು ಚಳಿಗಾಲದಲ್ಲಿ ಹೂಳುವುದಿಲ್ಲ. ಗಾಬರಿ ಬೇಡ, ಹೂಳುತ್ತಾರೆ; ವಸಂತ ಬಂದ ಮೇಲೆ. ನೆಲ ಆಳುದ್ದ ಹೆಪ್ಪುಗಟ್ಟಿ ಕಲ್ಲಾಗಿರುವುದರಿಂದ ಗುದ್ದಲಿ ಹಾಗಿರಲಿ, ಯಂತ್ರದ ಹಲ್ಲೂ ಇಳಿಯುವುದಿಲ್ಲ. ಅಲ್ಲಿಯ ತನಕ ಪೆಟ್ಟಿಗೆಗಳನ್ನು ಸ್ಮಶಾನದ ಮೂಲೆಯ ಕಲ್ಲಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ. ಗಂಗಾವತಿಯಲ್ಲಿ ದರ ಏರುವ ತನಕ ಭತ್ತ ಗೋದಾಮಿನಲ್ಲಿ ಕಾಯುತ್ತದಲ್ಲ, ಹಾಗೆ ಇಲ್ಲಿ ಸತ್ತವರು ಬಿಸಿಲಿಗಾಗಿ ಕಾಯುತ್ತಾರೆ.

ನಾನು ಕುಷ್ಟಗಿ, ಕೊಪ್ಪಳಗಳ ಚರ್ಚುಗಳಲ್ಲಿ ಸಭಾಪಾಲಕನಾಗಿದ್ದು ನಿವೃತ್ತನಾದವನು. ಹೆಂಡತಿ ಕರುಣಮ್ಮ ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದವಳು. ಒಂದು ಕಾಲಕ್ಕೆ ಬಿಳಿಯ ದೊರೆಗಳು ಔಷಧದ ಪೆಟ್ಟಿಗೆ, ಪವಿತ್ರ ಪುಸ್ತಕ ಹಿಡಿದು ಎತ್ತಿನ ಗಾಡಿಯಲ್ಲಿ ನಮ್ಮನ್ನು ಉದ್ಧರಿಸಲು ಬಂದಿದ್ದರು. ಈಗ ಅವರ ಮೊಮ್ಮಕ್ಕಳ ದೇವಾಲಯಗಳಲ್ಲಿ ಪ್ರಾರ್ಥನೆ ನಡೆಸಲು ಜನವಿಲ್ಲವೆಂದು ನಮ್ಮಿಬ್ಬರನ್ನು ಕೆನಡಾದ ಈ ಬಯಲಿಗೆ ಕಳಿಸಲಾಗಿದೆ. ನನ್ನ ಸಭೆಯವರೆಲ್ಲ ನನಗಿಂತ ಹಿರಿಯರು. ಬಂದಾಗಿನಿಂದ ಒಂದು ದೀಕ್ಷಾಸ್ನಾನವಿಲ್ಲ, ಒಂದು ಮದುವೆಯಿಲ್ಲ. ಇರುವುದೆಲ್ಲ ಅಂತ್ಯಕ್ರಿಯೆ. ಅದೂ ಎರಡು ಕಂತಿನಲ್ಲಿ: ಹಾಡು ಈಗ, ಮಣ್ಣು ಆಮೇಲೆ.

ನೆಲ ಮಾತ್ರ ಅಪರಿಚಿತವಲ್ಲ. ಯಲಬುರ್ಗಾದ ಕರಿಮಣ್ಣಿನ ಎರಿ ಹೊಲಗಳ ಹಾಗೆಯೇ ಕಣ್ಣು ಸೋಲುವಷ್ಟು ಸಪಾಟು. ಅಲ್ಲಿ ಜೋಳ, ಇಲ್ಲಿ ಗೋಧಿ. ಗಂಗಾವತಿಯ ಆಕಾಶಕ್ಕೆ ಅಕ್ಕಿ ಮಿಲ್ಲಿನ ಚಿಮಣಿ ಇದ್ದಂತೆ ಇಲ್ಲಿನ ಆಕಾಶಕ್ಕೆ ಕಾಳು ತುಂಬುವ ಎತ್ತರದ ಗೋಪುರಗಳು. ಅಲ್ಲಿ ಸಂಜೆ ಎಮ್ಮೆಯನ್ನು ಗೂಟಕ್ಕೆ ಕಟ್ಟಿದರೆ ಇಲ್ಲಿ ಕಾರನ್ನು ಗೋಡೆಯ ವಿದ್ಯುತ್ತಿಗೆ ಕಟ್ಟುತ್ತಾರೆ. ಇಲ್ಲದಿದ್ದರೆ ಎಂಜಿನ್ ಚಳಿಗೆ ಮರಗಟ್ಟಿ ಬೆಳಗ್ಗೆ ಅದು ಏಳುವುದಿಲ್ಲ.

ನಮಗೆ ಕೊಟ್ಟ ಮನೆ ‘ಡ್ಯುಪ್ಲೆಕ್ಸ್’. ಹಾಗೆಂದರೆ ಒಂದೇ ಗೋಡೆಯ ಎರಡು ಮಗ್ಗುಲಿಗೆ ಎರಡು ಸಂಸಾರ. ಕೊಪ್ಪಳದ ನಮ್ಮ ಓಣಿಯ ಮನೆಗಳೆಲ್ಲ ಹಾಗೆಯೇ ಇವೆ, ಹೆಸರು ಮಾತ್ರ ಇಟ್ಟಿರಲಿಲ್ಲ. ಗೋಡೆಯ ಆಚೆ ಎಡ್ನಾ ಎಂಬ ಮುದುಕಿ. ಗಂಡನಿಲ್ಲ, ಮಕ್ಕಳಾಗಲಿಲ್ಲ. ದೂರದ ಪಂಜಾಬಿ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ಕರುಣಮ್ಮ ಮೊದಲ ಸಲ ರೊಟ್ಟಿ ಬಡಿದ ದಿನ ಎಡ್ನಾ ಕೋಲೂರಿಕೊಂಡು ಬಂದು, ಬೆಳಬೆಳಗ್ಗೆ ಏನು ಬಡಗಿ ಕೆಲಸ ನಡೆದಿದೆ ಎಂದು ಸೌಜನ್ಯದಿಂದ ವಿಚಾರಿಸಿದಳು. ಒಂದು ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ ತಿಂದು ಹೋದಳು. ಮರುದಿನ ಕರೆಯದೆ ಬಂದಳು.

ಇವಳಿಗೆ ಔಷಧದ ಹೆಸರು ಬಿಟ್ಟರೆ ಇಂಗ್ಲಿಷ್ ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಮಧ್ಯಾಹ್ನಪೂರ್ತಿ ಮಾತಾಡುತ್ತಿದ್ದರು. ಎರಡೂ ಭಾಷೆ ಬಲ್ಲ ನನಗೆ ಮಾತ್ರ ಅಲ್ಲಿ ಕೆಲಸವಿರಲಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿದೊಡನೆ ಚಾವಣಿಗೆ ಅಂಟಿಸಿದ, ಹೊಗೆ ಪತ್ತೆಹಚ್ಚುವ ಗಂಟೆ ಪ್ರಳಯ ಬಂದಂತೆ ಕೂಗುತ್ತಿತ್ತು. ಆಗ ಆಚೆಯಿಂದ ಎಡ್ನಾಳ ಕೋಲು ಗೋಡೆಗೆ ಟಕ್ ಟಕ್. ಬೈಗುಳವೆಂದು ನಾನು ಹೆದರಿದ್ದೆ.

‘ಬೈಗುಳ ಅಲ್ರಿ, ಊಟಕ್ಕ ಬರ್ತೀನಿ ಅನ್ನಾಕತ್ಯಾಳ,’ ಎಂದಳು ಇವಳು. ನಿಜವಾಗಿಯೂ ಬಂದಳು.

ಶರತ್ಕಾಲದ ಒಂದು ದಿನ ಮಾತು ಸಾವಿಗೆ ಬಂತು. ನನ್ನನ್ನು ಕರೆಸಿದರು, ದುಭಾಷಿಯಾಗಿ. ನಮ್ಮ ಕಡೆ ಸತ್ತವರ ಮನೆಗೆ ಹೋಗುವುದನ್ನೇ ಮಣ್ಣಿಗೆ ಹೋಗುವುದು ಅನ್ನುತ್ತೇವೆ, ಹೋದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಟ್ಟೇ ಬರುತ್ತೇವೆ ಎಂದು ಕರುಣಮ್ಮ ವಿವರಿಸಿದಳು. ಎಡ್ನಾ ತನ್ನ ಬೆರಳು ನೋಡಿಕೊಂಡಳು. ‘ಇಲ್ಲಿ ಅದನ್ನು ಯಂತ್ರಕ್ಕೆ ಬಿಡುತ್ತೇವೆ. ನಾವು ಕಾಫಿಗೆ ಹೋಗುತ್ತೇವೆ. ನನಗೆ ನೀನು ಕೊಡುತ್ತೀಯಾ?’ ಎಂದಳು. ನಾನು ಅನುವಾದಿಸುವ ಮೊದಲೇ ಕರುಣಮ್ಮ ತನ್ನ ಸಮಸ್ತ ಇಂಗ್ಲಿಷನ್ನು ಒಟ್ಟುಗೂಡಿಸಿ, ‘ಐ ಗಿವ್. ಫುಲ್ ಗಿವ್,’ ಎಂದಳು.

ಎಡ್ನಾ ಸತ್ತದ್ದು ಚಳಿಯ ನಡುಮಧ್ಯದಲ್ಲಿ. ನಾನು ಪ್ರಾರ್ಥನೆ ನಡೆಸಿದೆ, ಹಾಡಿದೆವು, ಪೆಟ್ಟಿಗೆಯನ್ನು ಕಲ್ಲಿನ ಕೋಣೆಗೆ ಒಯ್ದು ಬೀಗ ಹಾಕಿದರು. ಎಲ್ಲರೂ ಕಾಫಿಯ ಕಡೆ ತಿರುಗಿದರು. ಕರುಣಮ್ಮ ಹಿಮದಲ್ಲಿ ಅಲ್ಲಾಡದೆ ನಿಂತಳು.

‘ಮಣ್ಣು ಎಲ್ರಿ?’

‘ಮೇ ತಿಂಗಳಾಗ ಅಂತ.’

‘ಹೆಣಾ ಇಟ್ಕೊಂಡು ಕಾಫಿ ಕುಡಿಯಾಕ ಹೊಂಟಾರೇನು? ಇವರಿಗೆ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ್ರಿ?’

ಹೇಳುವವನು, ಕೇಳುವವನು ಎರಡೂ ನಾನೇ ಆಗಿದ್ದೆ.

ಇಲ್ಲಿಂದ ನನ್ನ ಸಂಕಟ ಶುರು. ನಮ್ಮ ಕಡೆ ಓಣಿಯಲ್ಲಿ ಹೆಣವಿದ್ದರೆ, ಮಣ್ಣಾಗುವ ತನಕ ಅಕ್ಕಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ದುಃಖದ ಮನೆಗೆ ಘಮಘಮ ವಾಸನೆ ಹೋಗಬಾರದು. ಬೆಳಗ್ಗೆ ಹೋದವರನ್ನು ಸಂಜೆಯೊಳಗೆ ಕಳಿಸಿಕೊಡುವ ಊರಿಗೆ ಮಾಡಿದ ಪದ್ಧತಿಯಿದು. ಕರುಣಮ್ಮ ಅದನ್ನು ಇಡೀ ಚಳಿಗಾಲಕ್ಕೆ ಜಾರಿಗೊಳಿಸಿದಳು. ಬೇಳೆ ಬೇಯುತ್ತಿತ್ತು, ಉಪ್ಪು ಬೀಳುತ್ತಿತ್ತು, ಅಷ್ಟೇ. ಇಂಥ ಆಚರಣೆಗಳು ವಿಶ್ವಾಸಿಗಳಿಗೆ ಕಡ್ಡಾಯವಲ್ಲವೆಂದು ನಾನು ಸಪ್ಪೆ ಬೇಳೆಯ ಮುಂದೆ ಕುಳಿತು ಬೈಬಲ್ ವಾಕ್ಯಸಮೇತ ಪ್ರತಿಪಾದಿಸಿದೆ.

‘ನಿಮ್ಮ ವಾಕ್ಯ ನೀವ ಕಲಿಸ್ಕೊಂಡು ಉಣ್ರಿ,’ ಎಂದಳು. ‘ಬಾಜೂ ಮನ್ಯಾಕಿ ಇನ್ನೂ ಮಣ್ಣಿಲ್ಲದ ಬಾಗಲಾ ಹೊರಗ ಕುಂತಾಳ, ನಾ ಸಾಸ್ವಿ ಸಿಡಸಲೇನು?’

ಮಾರ್ಚಿನಲ್ಲಿ ಪತ್ರಿಕೆಗಳು ವಸಂತ ಬಂದಿದೆ ಎಂದು ಪ್ರಕಟಿಸಿದವು. ನೆಲಕ್ಕೆ ಆ ಸುದ್ದಿ ತಲುಪಿರಲಿಲ್ಲ. ಏಪ್ರಿಲ್ಲಿನಲ್ಲಿ ಹಿಮ ಕರಗಿ ಊರೆಲ್ಲ ಕೊಳಕು ನೀರಾಯಿತು. ಆದರೆ ಇಲ್ಲಿಯವರು ‘ಫ್ರಾಸ್ಟ್’ ಎನ್ನುವ ಒಳನೆಲದ ಹಿಮ ಹಾಗೆಯೇ ಇತ್ತು. ಅದೇ ವಾರ ನಮ್ಮನ್ನು ಕಳಿಸಿದವರಿಂದ ಸುದ್ದಿ ಬಂತು: ಈ ಸಭೆಯನ್ನು ಮುಚ್ಚಲು ತೀರ್ಮಾನವಾಗಿದೆ, ಮೇ ಕೊನೆಗೆ ನೀವು ಊರಿಗೆ ಹೊರಡಿ. ಕರುಣಮ್ಮ ಕೇಳಿದ್ದು ಒಂದೇ ಮಾತು.

‘ಅಷ್ಟರಾಗ ನೆಲ ಬಿಡತೈತೇನು?’

ಬಿಡದಿದ್ದರೆ ಎಡ್ನಾಳನ್ನು ಯಂತ್ರವೊಂದೇ ಹೂಳುತ್ತದೆ. ಅಂದಿನಿಂದ ನಮ್ಮ ದಿನಚರಿ ಬದಲಾಯಿತು. ಬೆಳಗಿನ ಪ್ರಾರ್ಥನೆ, ಸಪ್ಪೆ ಉಪ್ಪಿಟ್ಟು, ಸ್ಮಶಾನ. ಊರಿನಿಂದ ತಂದು ಒಮ್ಮೆಯೂ ಬಿಚ್ಚದ ಛತ್ರಿಯ ಮೊನೆಯನ್ನು ನೆಲಕ್ಕೆ ಚುಚ್ಚಿ ನೋಡುತ್ತಿದ್ದಳು. ಬೆರಳುದ್ದ ಕೆಸರು, ಆಮೇಲೆ ಠಣ್. ಹೂಳುವ ಕೆಲಸದ ವಾಲ್ಟರ್ ದೂರದಿಂದಲೇ ತಲೆಯಾಡಿಸುತ್ತಿದ್ದ. ದೊಡ್ಡ ಊರುಗಳಲ್ಲಿ ನೆಲ ಬಿಸಿ ಮಾಡುವ ಯಂತ್ರ ಇದೆಯಂತೆ. ನಮ್ಮದು ದೊಡ್ಡ ಊರಲ್ಲ. ಗಂಗಾವತಿಯಿಂದ ಅವಳ ತಂಗಿ ಮಾರ್ಥಮ್ಮ ಫೋನಿನಲ್ಲಿ, ‘ಇಲ್ಲಿ ನೆಲಾ ಕಾದ ಹಂಚ ಆಗೇತಿ ಅಕ್ಕಾ, ಕಾಲಿಡಾಕ ಆಗವಲ್ದು,’ ಎಂದರೆ ಇವಳು, ‘ಒಂದೀಟು ಇಲ್ಲಿ ಕಳಸವ್ವಾ,’ ಎನ್ನುತ್ತಿದ್ದಳು. ನಗುತ್ತಿರಲಿಲ್ಲ.

ಊರಿಗೆ ಹೊರಡಲು ಸಾಮಾನು ಕಟ್ಟತೊಡಗಿದೆವು. ಅವಳು ತನ್ನ ಸೀರೆಗಳನ್ನು ಹೊರಗೇ ಇಟ್ಟಳು. ‘ನೀವು ಹೋಗ್ರಿ. ಕೊಟ್ಟ ಮಾತೈತಿ, ಮಣ್ಣು ಕೊಡದ ನಾ ಬರಂಗಿಲ್ಲ,’ ಎಂದಳು. ಇದು ಬೆದರಿಕೆಯಲ್ಲ, ಮಾಹಿತಿ ಎಂದು ಸಂಸಾರದ ಅನುಭವದಿಂದ ನನಗೆ ತಿಳಿಯಿತು.

ಹೊರಡುವ ವಾರ ಛತ್ರಿ ಹಿಡಿಕೆಯ ತನಕ ಇಳಿಯಿತು.

ಮರುದಿನ ಬೆಳಗ್ಗೆ ಮಣ್ಣು. ಬಂದವರು ನಾವಿಬ್ಬರು, ವಾಲ್ಟರ್, ಮತ್ತು ನಡೆಯಲಾಗದೆ ಕಾರಿನ ಕಿಟಕಿ ಇಳಿಸಿ ಕುಳಿತ ಸಭೆಯ ಒಬ್ಬ ಮುದುಕ. ಅಗೆದ ಮಣ್ಣಿನ ಗುಡ್ಡೆಯ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು ಹೊದಿಸಿದ್ದರು. ದುಃಖದಲ್ಲಿರುವವರಿಗೆ ಮಣ್ಣು ಕಾಣಬಾರದಂತೆ. ಪೆಟ್ಟಿಗೆ ಇಳಿಯಿತು, ನಾನು ಓದುವುದನ್ನು ಓದಿದೆ. ಇನ್ನು ನಾವು ಹೋಗಬೇಕು, ಆಮೇಲೆ ಯಂತ್ರ ಬರಬೇಕು.

ಕರುಣಮ್ಮ ಕೈಗವಸು ಕಳಚಿ ನನ್ನ ಕೈಗೆ ಕೊಟ್ಟಳು. ರೊಟ್ಟಿಬುಟ್ಟಿಯ ಮೇಲಿನ ಬಟ್ಟೆ ಸರಿಸುವ ಹಾಗೆ ಹಾಸಿನ ಅಂಚು ಎತ್ತಿದಳು. ಒಳಗೆ ಕರಿಮಣ್ಣು. ಇಲ್ಲಿ ಅದಕ್ಕೆ ‘ಗಂಬೊ’ ಎನ್ನುತ್ತಾರೆ. ಹಸಿಯಾದರೆ ಬೂಟು ಕಿತ್ತುಕೊಳ್ಳುವ ಅಂಟು. ಹಿಡಿ ತುಂಬ ತೆಗೆದು ಕೈ ಚಾಚಿದಳು, ಬೀಳಲಿಲ್ಲ. ಕೊಡವಿದಳು, ಬೀಳಲಿಲ್ಲ.

‘ಯಲಬುರ್ಗಿ ಎರಿ ಇದ್ದಂಗ ಐತ್ರಿ. ಕೈ ಬಿಡವಲ್ದು.’

ಕೊನೆಗೆ ಇನ್ನೊಂದು ಕೈಯಿಂದ ಕೆರೆದು ಕೆರೆದು ಕೊಟ್ಟಳು. ನಾನು ಕೊಟ್ಟೆ. ವಾಲ್ಟರ್ ನಮ್ಮನ್ನು ನೋಡಿ, ಯಂತ್ರವನ್ನು ನೋಡಿ, ಟೊಪ್ಪಿಗೆ ತೆಗೆದು ತಾನೂ ಬಗ್ಗಿದ. ಕಾರಿನಲ್ಲಿದ್ದ ಮುದುಕ ಕಿಟಕಿಯಿಂದ ಅಂಗೈ ಚಾಚಿದ. ಅವನ ಪಾಲನ್ನು ಕರುಣಮ್ಮ ಅಲ್ಲಿಗೆ ಒಯ್ದು ಮುಟ್ಟಿಸಿ ತಂದು ಹಾಕಿದಳು.

ಮನೆಗೆ ಬಂದು ಸ್ನಾನ ಮಾಡಿದೆವು. ಮಾರ್ಥಮ್ಮನ ಫೋನು ಬಂತು.

‘ಇವತ್ತ ನಮ್ಮ ಓಣ್ಯಾಗ ಮಣ್ಣಿತ್ತವ್ವಾ,’ ಎಂದಳು ಇವಳು.

‘ಯಾರ್ ಹೋದ್ರು? ನಿನ್ನೆರ ಕೊಪ್ಪಳಕ್ಕ ಹೋಗಿದ್ನಿ, ನಿಮ್ಮ ಓಣ್ಯಾಗ ಯಾರೂ ಹೇಳಲಿಲ್ಲಲ್ಲ?’

ಕರುಣಮ್ಮ ಉಗುರಿನಲ್ಲಿ ಉಳಿದ ಕಪ್ಪನ್ನು ನೋಡಿಕೊಂಡಳು. ‘ಬಾಜೂ ಮನ್ಯಾಕಿ,’ ಎಂದಳು.

ಆಮೇಲೆ ಒಲೆ ಹಚ್ಚಿ ಎಣ್ಣೆ ಕಾಯಿಸಿ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು ಹಾಕಿದಳು. ಒಂದು ಚಳಿಗಾಲದ ಬಾಕಿಯೆಲ್ಲ ಒಮ್ಮೆಲೇ ಸಿಡಿಯಿತು. ಚಾವಣಿಯ ಗಂಟೆ ಕೂಗತೊಡಗಿತು. ಆರಿಸಲು ನಾನು ಕುರ್ಚಿ ಎಳೆದೆ.

‘ತಡೀರಿ,’ ಎಂದಳು.

ಸೌಟು ಹಿಡಿದು ಅವಳು, ಕುರ್ಚಿ ಹಿಡಿದು ನಾನು, ಇಬ್ಬರೂ ಎಡ್ನಾಳ ಮಗ್ಗುಲಿನ ಗೋಡೆಯ ಕಡೆ ನೋಡುತ್ತ ನಿಂತೆವು. ಗಂಟೆ ಕೂಗುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು, ‘ಆತು, ಆರಸ್ರಿ,’ ಎಂದಳು. ನಾನು ಕುರ್ಚಿ ಹತ್ತಿದೆ.